ಕಣ್ಣೀರು, ಹಾರ್ಮೋನು ಮತ್ತು ಹೆಣ್ಣಿನ ಆಯುಷ್ಯ

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಾಗಲಿ, ಪಕ್ಕದ ಹೊಸದುರ್ಗ, ಹಿರಿಯೂರು ಸೀಮೆಯಾಗಲಿ, ಸಾವಿನ ಮನೆಯ ನೋಟ ಹೆಚ್ಚುಕಡಿಮೆ ಒಂದೇ. ಒಳಗೆ ಹೆಂಗಸರು ಹೆಣದ ಸುತ್ತ ಕುಳಿತು, ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತ, ರಾಗವಾಗಿ ಅಳುತ್ತಾರೆ. ಬಂದ ನೆಂಟರ ಕೊರಳು ತಬ್ಬಿ ಮತ್ತೊಮ್ಮೆ ಅಳುತ್ತಾರೆ. ಹೊರಗೆ ಜಗಲಿಯ ಮೇಲೆ ಗಂಡಸರು ಹೆಗಲ ಟವಲು ಸರಿಪಡಿಸಿಕೊಳ್ಳುತ್ತ, ಬೀಡಿ ಹಚ್ಚುತ್ತ, ಗುಣಿ ತೋಡುವವರಿಗೆ ಹೇಳಿಕಳಿಸಿದ್ದಾಯಿತೇ ಎಂದು ವಿಚಾರಿಸುತ್ತಾರೆ. ಸತ್ತವನು ಒಡಹುಟ್ಟಿದ ಅಣ್ಣನಾಗಿದ್ದರೂ ಸರಿ, ಕಣ್ಣು ತುಂಬಿ ಬಂದರೆ ಮುಖ ಆಚೆ ತಿರುಗಿಸುವುದೇ ಗಂಡಸಿನ ಲಕ್ಷಣ ಎನಿಸಿಕೊಂಡಿದೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂದು ಗಾದೆಯೇ ಇದೆಯಲ್ಲ!

ಈ ನೋಟವನ್ನೇ ಆಧಾರವಾಗಿಟ್ಟುಕೊಂಡು ಆರೋಗ್ಯದ ಅಂಕಣಗಳಲ್ಲಿ ಒಂದು ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಹೆಂಗಸರು ಅತ್ತು ಮನಸ್ಸಿನ ಭಾರ ಇಳಿಸಿಕೊಳ್ಳುತ್ತಾರೆ, ಕಣ್ಣೀರಿನೊಂದಿಗೆ ಒತ್ತಡದ ಹಾರ್ಮೋನುಗಳು ಹೊರಹೋಗುತ್ತವೆ, ಆದ್ದರಿಂದಲೇ ಅವರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂಬುದೇ ಆ ಮಾತು. ಕೇಳಲು ಸೊಗಸಾಗಿದೆ. ಆದರೆ ಲೆಕ್ಕಕ್ಕೆ ಇಳಿದರೆ ಈ ವಾದ ಮೊದಲ ಮೆಟ್ಟಿಲಲ್ಲೇ ಎಡವುತ್ತದೆ.

ಐವತ್ತು ವರ್ಷಗಳ ಹಿಂದೆ

ಹೆಣ್ಣು ಗಂಡಿಗಿಂತ ದೀರ್ಘಾಯುಷಿ ಎಂಬುದು ಇಂದು ಜಗತ್ತಿನ ಬಹುತೇಕ ಎಲ್ಲ ದೇಶಗಳ ಅನುಭವ. ವಿಶ್ವದ ಸರಾಸರಿ ಅಂತರ ಸುಮಾರು 5 ವರ್ಷ. ಭಾರತದ ಮಾದರಿ ನೋಂದಣಿ ವ್ಯವಸ್ಥೆಯ 2016-20ರ ಅಂಕಿಅಂಶಗಳ ಪ್ರಕಾರ ದೇಶದಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯುಷ್ಯ 68.6 ವರ್ಷವಾದರೆ, ಹೆಣ್ಣುಮಗುವಿನದು 71.4 ವರ್ಷ.

ಆದರೆ ಇದೇ ವ್ಯವಸ್ಥೆಯ 1970-75ರ ಲೆಕ್ಕ ತೆಗೆದು ನೋಡಿದರೆ ಚಿತ್ರ ತಿರುವುಮುರುವು. ಆಗ ಗಂಡಸಿನ ನಿರೀಕ್ಷಿತ ಆಯುಷ್ಯ 50.5 ವರ್ಷ, ಹೆಂಗಸಿನದು 49 ವರ್ಷ. ಹೆಣ್ಣು ಗಂಡನ್ನು ದಾಟಿದ್ದು 1980ರ ದಶಕದ ಆರಂಭದಲ್ಲಿ. ಅದೂ ಕೂದಲೆಳೆಯಷ್ಟು ಅಂತರದಿಂದ. 1981-85ರಲ್ಲಿ ಗಂಡಸಿಗೆ 55.4, ಹೆಂಗಸಿಗೆ 55.7 ವರ್ಷ. 1970ರಲ್ಲಿ ಈ ನಾಡಿನ ಹೆಂಗಸರು ಅಳುತ್ತಿರಲಿಲ್ಲವೇ? ಇಂದಿಗಿಂತ ಹೆಚ್ಚೇ ಅಳುತ್ತಿದ್ದರು, ಅಳಲು ಕಾರಣಗಳೂ ಹೆಚ್ಚಿದ್ದವು. ಅವರ ದೇಹದ ಹಾರ್ಮೋನುಗಳೂ ಇವೇ ಆಗಿದ್ದವು. ಆದರೂ ಅವರು ಗಂಡಸರಿಗಿಂತ ಮೊದಲೇ ಸಾಯುತ್ತಿದ್ದರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆರಿಗೆಯನ್ನು ಹೆಣ್ಣಿನ ಮರುಹುಟ್ಟು ಎಂದು ಹಿರಿಯರು ಕರೆದದ್ದು ಅಲಂಕಾರಕ್ಕಲ್ಲ. ರಕ್ತಸ್ರಾವ, ನಂಜು, ಬಾಣಂತಿ ಸನ್ನಿ, ಅಡ್ಡಸಿಕ್ಕಿದ ಮಗು, ಹದಿನಾರಕ್ಕೆ ಮದುವೆ, ವರ್ಷ ತುಂಬುವುದರೊಳಗೆ ಬಸುರು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ. ಎಳೆಯ ಹೆಣ್ಣುಮಕ್ಕಳ ಆರೈಕೆಯಲ್ಲಿನ ಅಲಕ್ಷ್ಯವೂ ಇದರೊಂದಿಗೆ ಸೇರಿಕೊಂಡು, ನಿಸರ್ಗ ಕೊಟ್ಟಿದ್ದ ಅನುಕೂಲವನ್ನು ಅಳಿಸಿಹಾಕುತ್ತಿತ್ತು.

ಹಳ್ಳಿಗಳಲ್ಲಿ ಆಗ ಇದ್ದ ಆಸರೆ ಎಂದರೆ ಸೂಲಗಿತ್ತಿ. ಚಿತ್ರದುರ್ಗ ಜಿಲ್ಲೆಗೆ ನೆರೆಯಾದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಯಾವ ಪ್ರತಿಫಲವನ್ನೂ ಬಯಸದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಪಡೆದ ಅವರು ಅದೇ ವರ್ಷದ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ನಿಧನರಾದರು. ಅವರಂಥ ಕೈಗುಣದ ಸೂಲಗಿತ್ತಿಯರು ಎಲ್ಲ ಊರುಗಳಿಗೂ ದೊರೆಯುತ್ತಿರಲಿಲ್ಲ. ದೊರೆತರೂ ರಕ್ತ ನಿಲ್ಲದಿದ್ದಾಗ ಅವರ ಕೈಯಲ್ಲಿ ರಕ್ತದ ಬಾಟಲಿ ಇರುತ್ತಿರಲಿಲ್ಲ.

ಕಾಡುಗೊಲ್ಲರ ಹಟ್ಟಿಗಳದ್ದು ಇನ್ನೂ ಕಠಿಣವಾದ ಕಥೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಹಸಿಬಾಣಂತಿಯರನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ಆಚರಣೆ ಬಹುಕಾಲ ನಡೆದುಕೊಂಡು ಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಊರಾಚೆ ಇರಿಸಲಾಗಿದ್ದ ಬಾಣಂತಿಯ ಹಸುಗೂಸು ಮಳೆ-ಶೀತಕ್ಕೆ ಸಿಕ್ಕಿ ಪ್ರಾಣಬಿಟ್ಟ ಸುದ್ದಿಯನ್ನು ರಾಜ್ಯ ಮರೆತಿರಲಾರದು.

ಬದಲಾವಣೆ ತಂದದ್ದು ಆಸ್ಪತ್ರೆಯ ಹೆರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ 65ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ವೇಳೆಗೆ ಅದು ಶೇ 97ಕ್ಕೆ ಮುಟ್ಟಿತು. 2005ರ ಜನನಿ ಸುರಕ್ಷಾ ಯೋಜನೆ, ಮಡಿಲು ಕಿಟ್, ತಾಯಿ ಕಾರ್ಡ್, 2008ರ ನವೆಂಬರ್‌ನಲ್ಲಿ ಆರಂಭವಾದ 108 ಆರೋಗ್ಯ ಕವಚ, ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆ ಎಲ್ಲವೂ ಇದರ ಹಿಂದಿವೆ. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2004-06ರಲ್ಲಿ 213 ಇದ್ದ ತಾಯಿ ಮರಣ ಪ್ರಮಾಣ 2018-20ರಲ್ಲಿ 69ಕ್ಕೆ ಇಳಿಯಿತು. ಹೆಣ್ಣಿನ ಆಯುಷ್ಯದ ಲೆಕ್ಕದಲ್ಲಿ ಕಣ್ಣೀರಿಗಿಂತ ಈ ಅಂಕಿಗಳ ತೂಕ ಹೆಚ್ಚು.

ಕಣ್ಣೀರಿನಲ್ಲಿ ಏನಿದೆ?

ಹಾಗಾದರೆ ಅಳುವಿಗೆ ಯಾವ ಪ್ರಯೋಜನವೂ ಇಲ್ಲವೇ? ಇದೆ. ಆದರೆ ಪ್ರಚಾರದಲ್ಲಿರುವ ರೀತಿಯಲ್ಲಿ ಅಲ್ಲ.

ಕಣ್ಣೀರಿನಲ್ಲಿ ಮೂರು ಬಗೆ. ಕಣ್ಣನ್ನು ಸದಾ ತೇವವಾಗಿ ಇಡುವುದು ಒಂದು; ಈರುಳ್ಳಿ ಹೆಚ್ಚುವಾಗ, ಒಲೆಯ ಹೊಗೆ ತಾಗಿದಾಗ ಬರುವುದು ಇನ್ನೊಂದು; ದುಃಖ, ಸಂತೋಷ, ಅಪಮಾನಗಳಿಂದ ಉಕ್ಕುವುದು ಮೂರನೆಯದು. ಅಮೆರಿಕದ ಮಿನೆಸೋಟಾದ ಜೀವರಸಾಯನ ವಿಜ್ಞಾನಿ ವಿಲಿಯಂ ಫ್ರೇ 1980ರ ದಶಕದಲ್ಲಿ ಜನರಿಗೆ ದುಃಖದ ಚಲನಚಿತ್ರ ತೋರಿಸಿ ಕಣ್ಣೀರನ್ನು ಪುಟ್ಟ ಕೊಳವೆಗಳಲ್ಲಿ ಸಂಗ್ರಹಿಸಿದರು. ಅದೇ ಜನರ ಈರುಳ್ಳಿ ಕಣ್ಣೀರಿನೊಂದಿಗೆ ಹೋಲಿಸಿದಾಗ ದುಃಖದ ಕಣ್ಣೀರಿನಲ್ಲಿ ಪ್ರೋಟೀನಿನ ಅಂಶ ಐದನೇ ಒಂದು ಭಾಗಕ್ಕೂ ಮಿಗಿಲಾಗಿ ಹೆಚ್ಚಿತ್ತು. ಪ್ರೊಲ್ಯಾಕ್ಟಿನ್ ಹಾಗೂ ಒತ್ತಡಕ್ಕೆ ಸಂಬಂಧಿಸಿದ ಎಸಿಟಿಎಚ್ ಹಾರ್ಮೋನುಗಳೂ ಕಣ್ಣೀರಿನಲ್ಲಿ ಕಂಡುಬಂದವು. ಅಳುವುದೆಂದರೆ ಬೆವರು, ಮೂತ್ರಗಳಂತೆ ದೇಹದ ಕಶ್ಮಲವನ್ನು ಹೊರಹಾಕುವ ಕ್ರಿಯೆ ಎಂದು ಫ್ರೇ ಊಹಿಸಿದರು. ಇಂದಿನವರೆಗೂ ಅಂಕಣಗಳಲ್ಲಿ ತಿರುಗುತ್ತಿರುವುದು ಈ ಊಹೆಯೇ.

ಊಹೆಗೆ ಬಲ ಬರಲಿಲ್ಲ. ಎಷ್ಟೇ ಗಳಗಳನೆ ಅತ್ತರೂ ಹೊರಬರುವ ನೀರು ಅತ್ಯಲ್ಪ. ಅದರಲ್ಲಿ ಹೋಗುವ ಹಾರ್ಮೋನು ರಕ್ತದಲ್ಲಿ ಉಳಿಯುವುದರ ಮುಂದೆ ಲೆಕ್ಕಕ್ಕೇ ಬಾರದಷ್ಟು. ಕೆರೆಯ ನೀರನ್ನು ಒಳ್ಳೆಯಿಂದ ಮೊಗೆದು ಬರಿದು ಮಾಡುವ ಮಾತಿದು.

ಅಳುವಿನ ನಂತರ ಹಗುರ ಎನಿಸುವುದು ಮಾತ್ರ ಸುಳ್ಳಲ್ಲ. ನೆದರ್ಲೆಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಆಡ್ ವಿಂಗರ್‌ಹೂಟ್ಸ್ ದಶಕಗಳ ಕಾಲ ಅಳುವನ್ನೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ. ಅವರೂ ಸಂಗಡಿಗರೂ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ನೋಡಿ ಅತ್ತವರ ಮನಸ್ಥಿತಿ ಅತ್ತ ಕೂಡಲೇ ಇನ್ನಷ್ಟು ಕುಸಿದಿತ್ತು. 20 ನಿಮಿಷದಲ್ಲಿ ಮೊದಲಿನಂತಾಯಿತು. ಒಂದೂವರೆ ಗಂಟೆಯ ನಂತರ ಚಿತ್ರ ನೋಡುವುದಕ್ಕೂ ಮೊದಲಿದ್ದುದಕ್ಕಿಂತ ಉತ್ತಮವಾಯಿತು. ಅಳದವರಲ್ಲಿ ಇಂಥ ಏರಿಳಿತ ಕಾಣಲಿಲ್ಲ. ಬಿಕ್ಕುವಾಗ ಉಸಿರು ನಿಧಾನಕ್ಕೆ ಲಯಕ್ಕೆ ಬರುವುದು, ನರಮಂಡಲದ ಶಮನಕಾರಿ ಭಾಗ ಚುರುಕಾಗುವುದು ಇದಕ್ಕೆ ಕಾರಣಗಳಿರಬಹುದೆಂದು ಹೇಳಲಾಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ತಿಳಿವಳಿಕೆ ಈ ಸಂಶೋಧನೆಗಳಿಂದ ದೊರೆತಿದೆ. ಯಾರ ಮುಂದೆ ಅತ್ತರು, ಅವರು ಸಮಾಧಾನ ಹೇಳಿದರೋ ಗೇಲಿ ಮಾಡಿದರೋ ಎಂಬುದರ ಮೇಲೆ ಅಳುವಿನ ಫಲ ನಿಂತಿದೆ. ತಬ್ಬಿಕೊಳ್ಳುವವರಿದ್ದರೆ ಅಳು ಹಗುರ ಮಾಡುತ್ತದೆ, ನಾಚಿಕೆಪಡಬೇಕಾದಲ್ಲಿ ಅತ್ತರೆ ಭಾರ ಹೆಚ್ಚುತ್ತದೆ. ಅಂದರೆ ಗುಣ ಇರುವುದು ನೀರಿನಲ್ಲಿ ಅಲ್ಲ, ಸುತ್ತ ಇರುವ ಜನರಲ್ಲಿ. ತಾಳ್ಯದ ಸಾವಿನ ಮನೆಯಲ್ಲಿ ಕೊರಳು ತಬ್ಬಿ ಅಳುವ ಹೆಂಗಸರಿಗೆ ಇದನ್ನು ಟಿಲ್ಬರ್ಗ್‌ನಿಂದ ಬಂದು ಯಾರೂ ಹೇಳಬೇಕಾಗಿರಲಿಲ್ಲ.

ಬೀಸುವ ಕಲ್ಲಿನ ಮುಂದೆ, ಕುಟ್ಟುವ ಒರಳಿನ ಮುಂದೆ ಹೆಂಗಸರು ಕಟ್ಟಿದ ಪದಗಳೂ ಇದೇ ಕೆಲಸ ಮಾಡಿದವು. ತವರಿನ ನೆನಪು, ಅತ್ತೆಮನೆಯ ಕಾಟ, ಸತ್ತ ಮಗುವಿನ ಸಂಕಟ ಎದುರಿಗೆ ನುಡಿಯಲಾಗದಿದ್ದಾಗ ರಾಗಕ್ಕೆ ಇಳಿಯುತ್ತಿದ್ದವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಇಂಥ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಹಿಟ್ಟಿನ ಗಿರಣಿ ಬಂದ ಮೇಲೆ ರಟ್ಟೆಯ ನೋವು ತಪ್ಪಿತು, ಒಟ್ಟಿಗೆ ಕುಳಿತು ಹಾಡುವ ಹೊತ್ತೂ ಹೋಯಿತು.

ಹಾರ್ಮೋನುಗಳ ಪಾಲು

ಹತ್ತು-ಹನ್ನೆರಡು ವರ್ಷದವರೆಗೆ ಹುಡುಗ ಹುಡುಗಿಯರು ಹೆಚ್ಚುಕಡಿಮೆ ಸಮನಾಗಿಯೇ ಅಳುತ್ತಾರೆ. ಅಂತರ ಮೂಡುವುದು ಹರೆಯದಲ್ಲಿ. ಫ್ರೇ ಅವರ ಸಮೀಕ್ಷೆಯಲ್ಲಿ ವಯಸ್ಕ ಹೆಂಗಸರು ತಿಂಗಳಿಗೆ ಸರಾಸರಿ 5 ಬಾರಿಗಿಂತ ತುಸು ಹೆಚ್ಚು, ಗಂಡಸರು ಒಂದು ಬಾರಿಗಿಂತ ತುಸು ಹೆಚ್ಚು ಅಳುತ್ತಿದ್ದರು. ಹರೆಯದ ನಂತರ ಹೆಂಗಸರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚುವುದು, ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಏರಿ ಅಳುವಿನ ಕಟ್ಟೆಯನ್ನು ಎತ್ತರಿಸುವುದು ಇದಕ್ಕೆ ಕಾರಣವಿರಬಹುದು. ಆದರೆ ‘ಹೆಂಗಸಿನ ಹಾಗೆ ಅಳಬೇಡವೋ’ ಎಂಬ ಗದರಿಕೆ ಶುರುವಾಗುವುದೂ ಅದೇ ವಯಸ್ಸಿನಲ್ಲಿ. ಎರಡನ್ನೂ ಬಿಡಿಸಿ ತೂಗುವುದು ಸುಲಭವಲ್ಲ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ನೋಮ್ ಸೋಬೆಲ್ ತಂಡ 2011ರಲ್ಲಿ ಒಂದು ಕುತೂಹಲದ ಸಂಗತಿ ಪ್ರಕಟಿಸಿತು. ಹೆಂಗಸರ ದುಃಖದ ಕಣ್ಣೀರನ್ನು ಮೂಸಿದ ಗಂಡಸರಲ್ಲಿ, ಅದಕ್ಕೆ ಯಾವ ವಾಸನೆಯೂ ಇಲ್ಲದಿದ್ದರೂ, ಟೆಸ್ಟೋಸ್ಟಿರಾನ್ ಮಟ್ಟ ಇಳಿದಿತ್ತು. 2023ರಲ್ಲಿ ಅದೇ ತಂಡ, ಪ್ರಯೋಗಶಾಲೆಯ ಆಟದಲ್ಲಿ ಗಂಡಸರ ಆಕ್ರಮಣಶೀಲತೆ ಶೇ 43ಕ್ಕೂ ಹೆಚ್ಚು ತಗ್ಗಿತೆಂದು ವರದಿ ಮಾಡಿತು. ಕಣ್ಣೀರು ಅತ್ತವಳಿಗಿಂತ ಎದುರಿಗಿದ್ದವನ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಇದರ ತಾತ್ಪರ್ಯ.

ಆಯುಷ್ಯದ ವಿಚಾರಕ್ಕೆ ಬಂದರೆ ಮುಖ್ಯ ಪಾತ್ರ ಈಸ್ಟ್ರೋಜೆನ್‌ನದು. ಅದು ರಕ್ತದಲ್ಲಿನ ಒಳ್ಳೆಯ ಕೊಲೆಸ್ಟ್ರಾಲನ್ನು ಹೆಚ್ಚಿಸಿ ಕೆಟ್ಟದ್ದನ್ನು ತಗ್ಗಿಸುತ್ತದೆ, ರಕ್ತನಾಳಗಳ ಗೋಡೆಯನ್ನು ಮೃದುವಾಗಿ ಇಡುತ್ತದೆ. ಹೆಂಗಸರಿಗೆ ಹೃದ್ರೋಗ ಗಂಡಸರಿಗಿಂತ 7ರಿಂದ 10 ವರ್ಷ ತಡವಾಗಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಮುಟ್ಟು ನಿಂತ ಮೇಲೆ ಈ ರಕ್ಷಣೆ ಕರಗುತ್ತ ಹೋಗುತ್ತದೆ. ಹಾಗೆಂದು ಹಾರ್ಮೋನನ್ನು ಗುಳಿಗೆಯ ರೂಪದಲ್ಲಿ ನುಂಗಿ ಆಯುಷ್ಯ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜೆನ್-ಪ್ರೊಜೆಸ್ಟಿನ್ ನೀಡಿ ಅಮೆರಿಕದಲ್ಲಿ ನಡೆಸಲಾದ ಬೃಹತ್ ಪ್ರಯೋಗವನ್ನು, ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದ್ರೋಗಗಳು ಹೆಚ್ಚಿದ್ದು ಕಂಡು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು.

ಟೆಸ್ಟೋಸ್ಟಿರಾನ್ ಮೇಲಿನ ಅನುಮಾನಕ್ಕೆ ಕೊರಿಯಾದ ಅರಮನೆಯ ದಾಖಲೆಗಳು ಇಂಬು ಕೊಟ್ಟಿವೆ. ಜೋಸನ್ ರಾಜಮನೆತನದ ಕಾಲದ 81 ನಪುಂಸಕ ಸೇವಕರ ವಂಶಾವಳಿಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಅವರ ಸರಾಸರಿ ಆಯುಷ್ಯ ಸುಮಾರು 70 ವರ್ಷ. ಅದೇ ಅಂತಸ್ತಿನ ಇತರ ಗಂಡಸರಿಗಿಂತ ಅವರು 14ರಿಂದ 19 ವರ್ಷ ಹೆಚ್ಚು ಬದುಕಿದ್ದರು. ಮೂವರು ನೂರು ದಾಟಿದ್ದರು.

ಹಾರ್ಮೋನಿಗಿಂತಲೂ ಆಳದಲ್ಲಿ ವರ್ಣತಂತುಗಳಿವೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಇರುವ ಒಂದರಲ್ಲಿ ದೋಷವಿದ್ದರೆ ಗಂಡಿಗೆ ಬದಲಿ ಇಲ್ಲ. 101 ಜಾತಿಯ ಕಾಡು ಸಸ್ತನಿಗಳನ್ನು ಕುರಿತ 2020ರ ಅಧ್ಯಯನದಲ್ಲಿ ಹೆಣ್ಣುಗಳು ಗಂಡುಗಳಿಗಿಂತ ಸರಾಸರಿ ಶೇ 18.6ರಷ್ಟು ಹೆಚ್ಚು ಕಾಲ ಬದುಕುವುದು ಕಂಡುಬಂದಿತು. ಸಿಂಹಿಣಿಯಾಗಲಿ ಜಿಂಕೆಯಾಗಲಿ ಕಣ್ಣೀರಿಟ್ಟು ಮನಸ್ಸು ಹಗುರ ಮಾಡಿಕೊಳ್ಳುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಗಂಡಸು ಅಳುವ ಬದಲು ಮಾಡುವುದೇನು?

ದೇಹದ ಪಾಲೆಷ್ಟು, ಬದುಕಿನ ರೀತಿಯ ಪಾಲೆಷ್ಟು ಎಂಬುದನ್ನು ಅಳೆಯಲು ಜರ್ಮನಿಯ ಜನಸಂಖ್ಯಾ ತಜ್ಞ ಮಾರ್ಕ್ ಲೂಯಿ ಒಂದು ಜಾಣ ಉಪಾಯ ಹೂಡಿದರು. ಬವೇರಿಯಾದ ಕ್ರೈಸ್ತ ಮಠಗಳ ಸನ್ಯಾಸಿ, ಸನ್ಯಾಸಿನಿಯರ ಮರಣ ದಾಖಲೆಗಳನ್ನು ಹೋಲಿಸಿದರು. ಇಬ್ಬರದೂ ಒಂದೇ ಬಗೆಯ ಊಟ, ದಿನಚರಿ, ದುಡಿಮೆ, ಸಂಸಾರದ ತಾಪತ್ರಯವಿಲ್ಲ. ಹೊರಗಿನ ಸಮಾಜದಲ್ಲಿ ಹಲವು ವರ್ಷಗಳಷ್ಟಿದ್ದ ಅಂತರ ಮಠದೊಳಗೆ ಸುಮಾರು ಒಂದೇ ವರ್ಷಕ್ಕೆ ಇಳಿದಿತ್ತು. ಮಠಗಳಿಗೆ ಹೆಸರಾದ ಚಿತ್ರದುರ್ಗದ ಓದುಗರಿಗೆ ಈ ಉಪಾಯದ ಸೂಕ್ಷ್ಮ ಬೇಗ ತಿಳಿದೀತು. ನಿಸರ್ಗ ಹೆಣ್ಣಿಗೆ ಕೊಟ್ಟಿರುವ ಹೆಚ್ಚುವರಿ ಅಲ್ಪ. ಉಳಿದದ್ದನ್ನು ಗಂಡಸು ತಾನಾಗಿ ಕಳೆದುಕೊಳ್ಳುತ್ತಾನೆ.

ಹೇಗೆ ಕಳೆದುಕೊಳ್ಳುತ್ತಾನೆ ಎಂಬುದಕ್ಕೂ ಲೆಕ್ಕವಿದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದ ಗಂಡಸರ ಪೈಕಿ ಶೇ 42.4, ಹೆಂಗಸರ ಪೈಕಿ ಶೇ 14.2 ಮಂದಿ ತಂಬಾಕು ಬಳಸುತ್ತಿದ್ದರು. ಕುಡಿತದಲ್ಲಿ ಅಂತರ ಇನ್ನೂ ದೊಡ್ಡದು: 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಗಂಡಸರಲ್ಲಿ ಶೇ 18.8, ಹೆಂಗಸರಲ್ಲಿ ಶೇ 1.3. ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಗಳ ಮೇಲೆ ಸಾಯುವವರಲ್ಲೂ ಗಂಡಸರದೇ ಸಿಂಹಪಾಲು. ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಡುವ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿ ಪುರುಷರು.

ಎಲ್ಲಕ್ಕಿಂತ ಮನಕಲಕುವುದು ಆತ್ಮಹತ್ಯೆಯ ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಮಂದಿ. ಅವರಲ್ಲಿ 1,18,979 ಗಂಡಸರು, 45,026 ಹೆಂಗಸರು. 13,056 ಸಾವುಗಳೊಂದಿಗೆ ಕರ್ನಾಟಕ ಐದನೇ ಸ್ಥಾನದಲ್ಲಿತ್ತು.

ಮಳೆ ಕಡಿಮೆಯ ಚಿತ್ರದುರ್ಗ ಜಿಲ್ಲೆಯಲ್ಲಿ ಈ ಅಂಕಿಗೆ ಮುಖ ಮೂಡುತ್ತದೆ. ಒಂದು ಕೊಳವೆಬಾವಿ ಬತ್ತುತ್ತದೆ, ಅಡಿಕೆ ತೋಟ ಉಳಿಸಿಕೊಳ್ಳಲು ಸಾಲ ಮಾಡಿ ಇನ್ನೊಂದು ಕೊರೆಸುತ್ತಾನೆ, ಅದರಲ್ಲೂ ದೂಳು ಬರುತ್ತದೆ. ಸಾಲದ ಮೊತ್ತ ಹೆಂಡತಿಗೂ ಗೊತ್ತಿರುವುದಿಲ್ಲ. ಅತ್ತರೆ ಮರ್ಯಾದೆ ಹೋಗುತ್ತದೆ, ಹೇಳಿದರೆ ಮಾನ ಹೋಗುತ್ತದೆ. ಸಾಲ, ಬರ, ಬೆಲೆಕುಸಿತಗಳು ಮೂಲ ಕಾರಣ ಎನ್ನುವುದು ನಿಜ. ಆದರೆ ಅದೇ ಸಾಲ, ಅದೇ ಬರ ಹೆಂಡತಿಯ ತಲೆಯ ಮೇಲೂ ಇರುತ್ತದೆ. ಅವಳಿಗೆ ನೆರೆಮನೆಯ ಹಿತ್ತಿಲಿದೆ, ಸ್ತ್ರೀಶಕ್ತಿ ಗುಂಪಿನ ವಾರದ ಸಭೆಯಿದೆ, ತವರಿನ ಅಕ್ಕನಿಗೆ ಫೋನಿದೆ. ಅವನಿಗೆ ಸಂಜೆಯ ಅಂಗಡಿ ಬಿಟ್ಟರೆ ಬೇರೆ ಜಾಗವಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ 2000ದಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ಹತ್ತಿರ. ಒತ್ತಡ ಬಂದಾಗ ಕಾದಾಡು ಇಲ್ಲವೇ ಓಡು ಎಂಬ ಪ್ರತಿಕ್ರಿಯೆಯೊಂದೇ ಇರುವುದಲ್ಲ. ಮಕ್ಕಳನ್ನು ಪೊರೆ, ಗೆಳತಿಯರನ್ನು ಕೂಡಿಸಿಕೋ ಎಂಬ ಇನ್ನೊಂದು ಬಗೆಯೂ ಇದೆ, ಅದು ಹೆಂಗಸರಲ್ಲಿ ಹೆಚ್ಚು ಎಂದು ಅವರು ವಾದಿಸಿದರು. ಆಕ್ಸಿಟೋಸಿನ್ ಹಾರ್ಮೋನು ಇದಕ್ಕೆ ನೆರವಾಗುತ್ತದೆ, ಈಸ್ಟ್ರೋಜೆನ್ ಅದರ ಪ್ರಭಾವವನ್ನು ಹೆಚ್ಚಿಸುತ್ತದೆ ಎಂಬುದು ಅವರ ವಿವರಣೆ. ಹಾರ್ಮೋನಿನ ಭಾಗ ಇನ್ನೂ ಚರ್ಚೆಯಲ್ಲಿದೆ. ಹೆಂಡತಿ ಸತ್ತ ಮೇಲೆ ಗಂಡಸು ಬೇಗ ಸೊರಗುವಷ್ಟು, ಗಂಡ ಸತ್ತ ಮೇಲೆ ಹೆಂಗಸು ಸೊರಗುವುದಿಲ್ಲವೆಂಬುದನ್ನು ಮಾತ್ರ ಹಲವು ದೇಶಗಳ ಮರಣ ದಾಖಲೆಗಳು ಹೇಳುತ್ತವೆ. ಅವನ ಪಾಲಿಗೆ ಮನಸ್ಸು ಬಿಚ್ಚಿ ಮಾತನಾಡಲು ಇದ್ದ ಒಂದೇ ಕಿವಿ ಅವಳದಾಗಿತ್ತೆಂಬುದು ಇದಕ್ಕೆ ಒಂದು ಕಾರಣ.

ಮನಸ್ಸಿನ ಸಂಕಟವನ್ನು ಮನೆಯವರ ಮುಂದೆ ಹೇಳಿಕೊಳ್ಳಲಾಗದವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. 14416 ಸಂಖ್ಯೆಗೆ ಉಚಿತವಾಗಿ, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೆಚ್ಚುವರಿ ವರ್ಷಗಳು

ಹೆಣ್ಣಿಗೆ ದೊರೆತ ಹೆಚ್ಚುವರಿ ವರ್ಷಗಳು ಸುಖದ ವರ್ಷಗಳೆಂದು ಭಾವಿಸಬೇಕಿಲ್ಲ. ಹೆಂಗಸರು ಹೆಚ್ಚು ಬದುಕುತ್ತಾರೆ, ಹೆಚ್ಚು ಕಾಲ ಕಾಯಿಲೆಯಲ್ಲೂ ಇರುತ್ತಾರೆ. 2019-20ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿತ್ತು. ಮುಟ್ಟು ನಿಂತ ಮೇಲೆ ಮೂಳೆ ಸವೆತ, ಮಂಡಿನೋವು, ಸಕ್ಕರೆ ಕಾಯಿಲೆ ಸೇರಿಕೊಳ್ಳುತ್ತವೆ.

ದುಃಖ ಅವರ ಹೃದಯವನ್ನು ಮುಟ್ಟುವುದೇ ಇಲ್ಲವೆಂದೂ ಅಲ್ಲ. ಆಪ್ತರ ಸಾವಿನಂಥ ಆಘಾತದಿಂದ ಹೃದಯದ ಎಡಕುಹರ ಹಠಾತ್ತನೆ ಉಬ್ಬಿ ದುರ್ಬಲವಾಗುವ ಸ್ಥಿತಿಯೊಂದನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿದರು. ಉಬ್ಬಿದ ಹೃದಯ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯಂತೆ ಕಂಡದ್ದರಿಂದ ಅದಕ್ಕೆ ಟಾಕೊಟ್ಸುಬೊ ಎಂದೇ ಹೆಸರಾಯಿತು. ಎದೆಯೊಡೆಯಿತು ಎಂಬ ಕನ್ನಡದ ಮಾತಿಗೆ ವೈದ್ಯಶಾಸ್ತ್ರ ಕೊಟ್ಟ ಚಿತ್ರವೆಂದರೂ ಸಲ್ಲುತ್ತದೆ. ಇದಕ್ಕೆ ತುತ್ತಾಗುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಟ್ಟು ನಿಂತ ಹೆಂಗಸರು. ಬಹುಪಾಲು ರೋಗಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅತ್ತವರೂ ಅವರೇ, ಎದೆಯೊಡೆದವರೂ ಅವರೇ.

ಗಂಡನಿಗಿಂತ ನಾಲ್ಕೈದು ವರ್ಷ ಕಿರಿಯಳಾಗಿ ಮದುವೆಯಾಗಿ, ಅವನಿಗಿಂತ ಎರಡು-ಮೂರು ವರ್ಷ ಹೆಚ್ಚು ಬದುಕುವ ಹೆಂಗಸಿನ ಪಾಲಿಗೆ ಕೊನೆಯ ಏಳೆಂಟು ವರ್ಷ ವೈಧವ್ಯವೇ. ಜಮೀನಿನ ಪಹಣಿ ಮಕ್ಕಳ ಹೆಸರಿಗೆ ಹೋಗಿರುತ್ತದೆ; ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವನ್ನು 2021ರಲ್ಲಿ 1,000 ರೂಪಾಯಿಯಿಂದ 1,200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸಲಾಯಿತು.